ಕ್ಯಾನ್ಸರ್ ರೋಗಿಯ ಪೂರಕ ಆರೈಕೆಯ ಅಗತ್ಯಗಳನ್ನು ದಿನನಿತ್ಯದ ಒಪಿಡಿಯಲ್ಲೇ ಕೇಳಿ ತಿಳಿಯುವುದು: ಕಲಬುರಗಿ ಸೀಮೆಯ ಆಸ್ಪತ್ರೆಗಳಿಗೊಂದು ಮಾರ್ಗದರ್ಶಿ

ಕಿಮೋ ವಾರ್ಡಿನಲ್ಲಿ ಸಲೈನ್ ಹಚ್ಚುತ್ತಾ ‘ಹ್ಯಾಂಗ ಅದೀರಿ?’ ಎಂದು ಕೇಳಿದರೆ ನಮ್ಮ ಭಾಗದ ರೋಗಿ ಸಾಮಾನ್ಯವಾಗಿ ‘ಎಲ್ಲಾ ಬರೋಬರಿ ಅದರಿ’ ಎನ್ನುತ್ತಾರೆ. ಅದೇ ರೋಗಿ ನೋವಿನಿಂದ ಎರಡು ರಾತ್ರಿ ಕಣ್ಣು ಮುಚ್ಚಿರುವುದಿಲ್ಲ, ವಾರದಿಂದ ರೊಟ್ಟಿ ಮುಟ್ಟಿರುವುದಿಲ್ಲ, ಮುಂದಿನ ಸರದಿಗೆ ಬರಲು ದುಡ್ಡು ಹೇಗೆ ಹೊಂದಿಸುವುದು ಎಂಬ ಚಿಂತೆಯಲ್ಲಿ ಕುಳಿತಿರುತ್ತಾರೆ. ಅವರು ಮುಚ್ಚಿಡುತ್ತಿದ್ದಾರೆ ಎಂದು ತಿಳಿಯಬಾರದು. ಡಾಕ್ಟರು ಇರುವುದು ಗಡ್ಡೆಯ ವಿಚಾರಕ್ಕೆ, ಇಂಥ ಮಾತು ಹೇಳಿ ಅವರ ಹೊತ್ತು ಕಳೆಯಬಾರದು ಎಂಬ ಸಂಕೋಚ ಅವರದು. ಈ ಸಂಕೋಚವನ್ನು ದಾಟಿಸಲು ಇರುವ ದಾರಿ ಒಂದೇ. ಪ್ರತಿಯೊಬ್ಬ ರೋಗಿಯನ್ನೂ, ಪ್ರತಿ ಸಲವೂ, ಅವೇ ಪ್ರಶ್ನೆಗಳನ್ನು ಕ್ರಮವಾಗಿ ಕೇಳುವುದು, ಮತ್ತು ಕೇಳಿದ್ದಕ್ಕೆ ಅದೇ ದಿನ ಏನಾದರೊಂದು ಮಾಡಿಕೊಡುವುದು.

ಪೂರಕ ಆರೈಕೆ ಎಂದರೆ ಗಡ್ಡೆಯ ಚಿಕಿತ್ಸೆಯ ಜೊತೆಗೇ ನಡೆಯಬೇಕಾದ ಉಳಿದೆಲ್ಲ ನೆರವು: ನೋವು, ವಾಂತಿ, ಬಾಯಿಹುಣ್ಣು, ಊಟ, ನಿದ್ದೆ, ಮನಸ್ಸಿನ ಕುಗ್ಗು, ಮಾಹಿತಿ, ಹಣ, ಪ್ರಯಾಣ, ದಾಂಪತ್ಯ, ಮನೆಯವರ ದಣಿವು. ಇದನ್ನು ಕೊನೆಗಾಲದಲ್ಲಿ ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆ ಎಂದಷ್ಟೇ ತಿಳಿಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಗುಣವಾಗುವ ರೋಗಿಗೂ ಇದು ಮೊದಲ ದಿನದಿಂದಲೇ ಬೇಕು.

ಮೊದಲ ಹೆಜ್ಜೆ: ಫಾರಂಗಿಂತ ಮುಂಚೆ, ಉತ್ತರ ಕೊಡುವವರ ಪಟ್ಟಿ

ಹೆಚ್ಚಿನವರು ಇಲ್ಲಿ ಎಡವುತ್ತಾರೆ, ನಾವೂ ಎಡವಿದ್ದೇವೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಯೊಂದರಲ್ಲಿ ಉತ್ಸಾಹದಿಂದ ಫಾರಂ ಮುದ್ರಿಸಿ ಎಲ್ಲರಿಗೂ ತುಂಬಿಸತೊಡಗಿದೆವು. ಕೆಲವು ತಿಂಗಳ ನಂತರ ಒಬ್ಬರ ಫೈಲು ತೆರೆದಾಗ ಮೂರು ಭೇಟಿಗಳಲ್ಲಿಯೂ ನೋವಿನ ಎದುರು 8 ಎಂದು ನಾನೇ ಬರೆದದ್ದು ಕಂಡಿತು. ಮೂರು ಹಾಳೆಗಳೂ ಒಪ್ಪವಾಗಿ ಪಂಚ್ ಮಾಡಿ ಸೇರಿಸಿದ್ದವು. ನೋವಿನ ಮಾತ್ರೆ ಮಾತ್ರ ಮೊದಲ ದಿನದ್ದೇ ಇತ್ತು. ಕೇಳಿ ಸುಮ್ಮನಿರುವುದು ಕೇಳದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ‘ಹೇಳಿದರೂ ಏನೂ ಆಗುವುದಿಲ್ಲ’ ಎಂದು ರೋಗಿ ಕಲಿತುಬಿಡುತ್ತಾರೆ, ಮುಂದಿನ ಸಲ ನಿಜವನ್ನು ಹೇಳುವುದಿಲ್ಲ.

ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ನೋವು ಹೆಚ್ಚಿದ್ದರೆ ಇಂದು ಯಾವ ಡಾಕ್ಟರು ನೋಡುತ್ತಾರೆ, ಊಟದ ತೊಂದರೆಗೆ ಯಾರು, ಮನಸ್ಸಿನ ತೊಂದರೆಗೆ ಯಾರು, ಕಾರ್ಡು ಮತ್ತು ಹಣದ ವಿಚಾರಕ್ಕೆ ಯಾರು. ಹುದ್ದೆಯ ಹೆಸರು ಬರೆದರೆ ಸಾಲದು. ವ್ಯಕ್ತಿ, ಕೋಣೆ, ಸಿಗುವ ಹೊತ್ತು ಮೂರೂ ಬೇಕು. ಕಲಬುರಗಿಯಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬೀದರಿನ ಅನೇಕ ರೋಗಿಗಳು ಹೈದರಾಬಾದಿಗೆ, ಆಳಂದ ಕಡೆಯ ಕೆಲವರು ಸೊಲ್ಲಾಪುರ, ಬಾರ್ಶಿಗೆ ಹೋಗಿ ಬರುತ್ತಾರೆ. ನಿಮ್ಮ ರೋಗಿ ಬೇರೆಡೆ ಚಿಕಿತ್ಸೆ ಪಡೆದು ನಿಮ್ಮಲ್ಲಿಗೆ ಬರೀ ಸಲೈನಿಗೆ ಬರುವವರಾದರೂ ನೋವಿಗೆ ಉತ್ತರಿಸುವ ಹೊಣೆ ಆ ದಿನ ನಿಮ್ಮದೇ.

ಎರಡನೆಯ ಹೆಜ್ಜೆ: ಒಂದೇ ಹಾಳೆ

ಪ್ರಶ್ನಾವಳಿಗಳು ಹಲವು ಇವೆ. ಪೂರಕ ಆರೈಕೆಯ ಅಗತ್ಯಗಳನ್ನೇ ಅಳೆಯಲು ರೂಪಿಸಿದ 34 ಪ್ರಶ್ನೆಗಳ ಪಟ್ಟಿಯೊಂದಿದೆ. ಮನಸ್ಸು, ಮಾಹಿತಿ, ದೈಹಿಕ ತೊಂದರೆ, ಆರೈಕೆಯ ಬೆಂಬಲ, ಲೈಂಗಿಕತೆ ಎಂಬ ಐದು ಭಾಗಗಳನ್ನು ಅದು ಮುಟ್ಟುತ್ತದೆ. ಅಧ್ಯಯನಕ್ಕೆ ಅದು ಉತ್ತಮ, ಆದರೆ ಕಿಕ್ಕಿರಿದ ಒಪಿಡಿಯಲ್ಲಿ ಓದು ಬಾರದ ರೋಗಿಗೆ ಪ್ರತಿ ಸಲ 34 ಪ್ರಶ್ನೆ ಓದಿ ಹೇಳುವುದು ಸಾಧ್ಯವಾಗದ ಮಾತು. ದಿನನಿತ್ಯಕ್ಕೆ ನಾನು ಒಪ್ಪುವುದು 1991ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ರೂಪುಗೊಂಡು ಮುಂದೆ ಪರಿಷ್ಕೃತವಾದ ಎಡ್ಮಂಟನ್ ಪಟ್ಟಿಯನ್ನು. ನೋವು, ದಣಿವು, ಮಂಪರು, ವಾಕರಿಕೆ, ಹಸಿವಿಲ್ಲದಿರುವುದು, ಉಸಿರಾಟದ ತೊಂದರೆ, ದುಃಖ, ಆತಂಕ, ಒಟ್ಟು ಕ್ಷೇಮ ಎಂಬ ಒಂಬತ್ತನ್ನು 0ಯಿಂದ 10ರವರೆಗೆ ಅಳೆದು, ಹತ್ತನೆಯದನ್ನು ಬೇರೆ ತೊಂದರೆಗಾಗಿ ಖಾಲಿ ಬಿಡುತ್ತದೆ. ಅದರ ಜೊತೆಗೆ, ಮನಸ್ಸಿನ ಸಂಕಟವನ್ನು 0ಯಿಂದ 10ರವರೆಗೆ ಗುರುತಿಸುವ, ಮನೋವೇದನೆಯ ಥರ್ಮಾಮೀಟರ್ ಎಂದು ಕರೆಯುವ ಚಿತ್ರವಿದ್ದರೆ ಒಳ್ಳೆಯದು. ಅದರಲ್ಲಿ 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿವರವಾಗಿ ವಿಚಾರಿಸಬೇಕು.

ಪ್ರಕಟಿತ ಪಟ್ಟಿಯ ಪ್ರಶ್ನೆಗಳನ್ನು ನಿಮ್ಮ ಇಷ್ಟದಂತೆ ತಿದ್ದಬೇಡಿ. ತಿದ್ದಿದರೆ ಅಂಕದ ಅರ್ಥವೇ ಬದಲಾಗುತ್ತದೆ. ನಮ್ಮ ನೆಲಕ್ಕೆ ಬೇಕಾದ ಪ್ರಶ್ನೆಗಳನ್ನು ಹಾಳೆಯ ಹಿಂಬದಿಯಲ್ಲಿ ಬೇರೆಯಾಗಿ ಹಾಕಿ: ಮುಂದಿನ ಸರದಿಗೆ ಬರಲು ಏನು ಅಡ್ಡಿ, ತೂಕ ಇಳಿದಿದೆಯೇ, ತಂಬಾಕು ಅಥವಾ ಗುಟ್ಕಾ ಇನ್ನೂ ಇದೆಯೇ, ರೋಗದ ಬಗ್ಗೆ ಏನಾದರೂ ತಿಳಿಯಬೇಕೆಂದಿದೆಯೇ, ಮನೆಯಲ್ಲಿ ನೋಡಿಕೊಳ್ಳುವವರು ಯಾರು.

ಮೂರನೆಯ ಹೆಜ್ಜೆ: ಯಾವಾಗ

ಮೊದಲ ಭೇಟಿ, ಪ್ರತಿ ಕಿಮೋ ಸರದಿ, ರೋಗಿಗಳು ‘ಕರೆಂಟ್’ ಎನ್ನುವ ವಿಕಿರಣ ಚಿಕಿತ್ಸೆಯಲ್ಲಿ ವಾರಕ್ಕೊಮ್ಮೆ, ಚಿಕಿತ್ಸೆ ಮುಗಿದಾಗ, ರೋಗ ಮರಳಿದಾಗ, ಗಡ್ಡೆಗೆ ಇನ್ನು ಚಿಕಿತ್ಸೆ ಬೇಡವೆಂದು ತೀರ್ಮಾನವಾದಾಗ. ಚಿಕಿತ್ಸೆ ಮುಗಿದ ದಿನವನ್ನು ಮರೆಯುವವರು ಬಹಳ. ಅಲ್ಲಿಯವರೆಗೆ ದಿನವೂ ಆಸ್ಪತ್ರೆಗೆ ಬಂದು ಧೈರ್ಯವಾಗಿದ್ದವರು ಮನೆಗೆ ಹೋದ ಮೇಲೆ ಕುಸಿಯುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಹೊತ್ತಿಗೆ ಸರದಿ ತಪ್ಪಿಸುವವರು ಹೆಚ್ಚುವುದರಿಂದ ನವೆಂಬರಿನಲ್ಲಿಯೇ ‘ರಾಶಿ ಟೈಮಿನ್ಯಾಗ ಯಾರ ಕರಕೊಂಡು ಬರ್ತಾರ?’ ಎಂದು ಕೇಳಿಟ್ಟುಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಕೇಳುವ ಬಗೆ

ಇಡೀ ಕೆಲಸದ ಜೀವ ಇದರಲ್ಲಿದೆ. ರೋಗಿ ಡಾಕ್ಟರನ್ನು ಕಾಣುವ ಮೊದಲು, ತೂಕ ಮತ್ತು ಬಿಪಿ ನೋಡುವ ಹೊತ್ತಿನಲ್ಲಿಯೇ ಒಬ್ಬ ಶುಶ್ರೂಷಕಿ ಕುಳಿತು ಕೇಳಬೇಕು. ನಿಂತು ಕೇಳಿದರೆ ಅವಸರದಲ್ಲಿದ್ದಾರೆಂದು ತಿಳಿದು ರೋಗಿ ‘ಇಲ್ರಿ’ ಎಂದು ಮುಗಿಸುತ್ತಾರೆ. ಜೊತೆಗೆ ಬಂದ ಮಗನೋ ಅಳಿಯನೋ ಎಲ್ಲಕ್ಕೂ ತಾನೇ ಉತ್ತರ ಕೊಡುವುದು ನಮ್ಮಲ್ಲಿ ಸಾಮಾನ್ಯ. ಅವರನ್ನು ನೋಯಿಸದೆ, ‘ಅಣ್ಣಾ, ನೀವು ಅಷ್ಟರಾಗ ಔಷಧಿ ಚೀಟಿ ತಗೊಂಡು ಬರ್ರಿ’ ಎಂದು ಕಳಿಸಿ ಐದು ನಿಮಿಷ ರೋಗಿಯ ಜೊತೆ ಇರಿ. ಮನೆಯವರ ಮಾತನ್ನು ಆಮೇಲೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ, ಆದರೆ ಅಂಕದ ಕಾಲಮಿನಲ್ಲಿ ಅಲ್ಲ. ರೋಗಿಗೆ ಮಾತಾಡುವ ಶಕ್ತಿಯೇ ಇಲ್ಲದಿದ್ದಾಗ ಮಾತ್ರ ಮನೆಯವರ ಅಂಕ ಹಾಕಿ, ಅದು ಮನೆಯವರದ್ದೆಂದು ಗುರುತು ಮಾಡಿ.

ಅಂಕ ಹೇಳುವುದು ಹಲವರಿಗೆ ಬರುವುದಿಲ್ಲ. ಜೇವರ್ಗಿ ಕಡೆಯ ಒಬ್ಬ ಆಯಿಗೆ ‘ಸೊನ್ನೆಯಿಂದ ಹತ್ತರೊಳಗ ಎಷ್ಟು ನೋವು?’ ಎಂದು ಮೂರು ಸಲ ಕೇಳಿದೆ. ‘ನಾ ಸಾಲಿ ಕಲ್ತಿಲ್ಲವ್ವಾ’ ಎಂದು ಸೆರಗು ಬಾಯಿಗೆ ಹಿಡಿದು ಸುಮ್ಮನಾದರು. ‘ಆಯಿ, ಪೂರಾ ನೋವು ಒಂದು ರೂಪಾಯಿ ಅಂತ ತಿಳೀರಿ, ಈಗ ಎಷ್ಟಾಣೆ ಅದ?’ ಎಂದೆ. ಒಂದು ಗಳಿಗೆಯೂ ತಡೆಯಲಿಲ್ಲ: ‘ಹಗಲ ಎಂಟಾಣೆ ಇರ್ತದ, ರಾತ್ರಿ ಹದಿನಾಲ್ಕಾಣೆ ಆಗ್ತದ ನೋಡವ್ವಾ.’ ರಾತ್ರಿಯ ನೋವು ಬೇರೆ, ಹಗಲಿನದು ಬೇರೆ ಎಂಬುದನ್ನೂ ಕೇಳದೆಯೇ ಹೇಳಿದರು. ರಾತ್ರಿಯ ಮಾತ್ರೆಯ ಹೊತ್ತನ್ನು ಬದಲಿಸಲು ಡಾಕ್ಟರಿಗೆ ಬೇಕಾಗಿದ್ದದ್ದು ಅದೇ. ಹದಿನಾರಾಣೆಯ ಲೆಕ್ಕದಲ್ಲಿ ಆರಾಣೆ ಎಂದರೆ 4ರ ಸಮೀಪ, ಹನ್ನೊಂದಾಣೆ ಎಂದರೆ 7ರ ಸಮೀಪ ಎಂದು ಹಾಳೆಯ ಮೂಲೆಯಲ್ಲಿ ಅಚ್ಚು ಹಾಕಿಸಿಡಿ. ಆಣೆ ಕಾಣದ ತಲೆಮಾರಿಗೆ ಮೇಜಿನ ಮೇಲೆ ಹತ್ತು ನಾಣ್ಯ ಇಟ್ಟು ಸರಿಸಲು ಹೇಳಬಹುದು.

ಪದಗಳ ವಿಚಾರದಲ್ಲಿಯೂ ಎಚ್ಚರ ಬೇಕು. ದಣಿವಿಗೆ ‘ಕಸುವು ಅದ ಏನು?’ ಎಂದೂ ಮಂಪರಿಗೆ ‘ಹಗಲ ಜೋಂಪು ಹತ್ತತದೇನು?’ ಎಂದೂ ಬೇರೆ ಬೇರೆ ಕೇಳಿದರೆ ಎರಡೂ ಕಲಸುವುದಿಲ್ಲ. ‘ಖಿನ್ನತೆ’ ಎಂಬ ಪದ ಪುಸ್ತಕದ್ದು; ‘ಮನಸಿಗೆ ಬ್ಯಾಸರ ಆಗ್ತದೇನು?’ ಎಂದರೆ ತಿಳಿಯುತ್ತದೆ. ಆತಂಕಕ್ಕೆ ‘ಎದಿ ಧಸಕ್ ಅಂತದೇನು?’ ಎನ್ನಬಹುದು. ಹಸಿವು ಮತ್ತು ಕ್ಷೇಮದ ಸಾಲುಗಳಲ್ಲಿ ಅಂಕ ತಿರುಗಾಮುರುಗಾ ಆಗುವುದು ಹೆಚ್ಚು: 10 ಎಂದರೆ ಬಹಳ ಹಸಿವು ಎಂದು ರೋಗಿ ತಿಳಿಯುತ್ತಾರೆ, ಆದರೆ ಪಟ್ಟಿಯಲ್ಲಿ 10 ಎಂದರೆ ಹಸಿವೇ ಇಲ್ಲವೆಂದು ಅರ್ಥ. ಆದ್ದರಿಂದ ಈ ಎರಡು ಸಾಲಿನಲ್ಲಿ ಅಂಕ ಬರೆದ ಮೇಲೆ ಮಾತಿನಲ್ಲಿ ಮರುಕೇಳಿ. ‘ಮೊದಲ ಎಷ್ಟು ರೊಟ್ಟಿ ತಿಂತಿದ್ರಿ, ಈಗ ಎಷ್ಟು?’ ಎಂಬ ಪ್ರಶ್ನೆಗೆ ಬರುವ ಉತ್ತರ ಯಾವ ಅಂಕಕ್ಕಿಂತಲೂ ಖಚಿತ. ಹಿಂದಿನ ತೂಕ ಗೊತ್ತಿಲ್ಲದಿದ್ದರೆ ಬಳೆ ಸಡಿಲಾಗಿದೆಯೇ, ಉಡುದಾರ ಜಾರುತ್ತದೆಯೇ ಎಂದು ಕೇಳಿ. ಉರ್ದು ಆಡುವವರಿಗೆ, ಲಂಬಾಣಿ ತಾಂಡಾಗಳಿಂದ ಬಂದವರಿಗೆ, ಗುರುಮಠಕಲ್ ಕಡೆಯ ತೆಲುಗು ಮಾತಿನವರಿಗೆ, ಔರಾದ್ ಕಡೆಯ ಮರಾಠಿಯವರಿಗೆ ಅವರ ಮಾತು ಬಲ್ಲ ಸಿಬ್ಬಂದಿಯೇ ಕೇಳಲಿ. ರೋಗಿಯ ಮಗುವನ್ನು ದುಭಾಷಿ ಮಾಡಬೇಡಿ.

ಹತ್ತನೆಯ ಖಾಲಿ ಸಾಲನ್ನು ಖಾಲಿಯೇ ಬಿಡುವುದು ದೊಡ್ಡ ತಪ್ಪು. ಬಾಯಿಯ ಗಾಯ, ಒಡೆದ ಸ್ತನದ ಗಡ್ಡೆ, ಗರ್ಭಕಂಠದ ಕ್ಯಾನ್ಸರಿನ ಸ್ರಾವ ಇವುಗಳಿಂದ ಬರುವ ವಾಸನೆಯನ್ನು ಯಾವ ರೋಗಿಯೂ ತಾವಾಗಿ ಹೇಳುವುದಿಲ್ಲ. ವಾಸನೆಯ ಕಾರಣಕ್ಕೆ ಹಾಸಿಗೆಯನ್ನು ದನದ ಕೊಟ್ಟಿಗೆಗೆ ಒಯ್ದುಕೊಂಡ ಹೆಣ್ಣುಮಗಳನ್ನು ನಾನು ಬಲ್ಲೆ. ‘ಗಾಯದ ವಾಸನಿಗೆ ಔಷಧಿ ಅದ, ನಿಮಗ ಬೇಕಾಗ್ಯದೇನು?’ ಎಂದು ಪರಿಹಾರದಿಂದಲೇ ಆರಂಭಿಸಿ ಕೇಳಿದರೆ ನಾಚಿಕೆ ಅಡ್ಡ ಬರುವುದಿಲ್ಲ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಗಾಯಕ್ಕೆ ಹಾಕುವ ಸರಳ ಕ್ರಮ ಉಪಶಾಮಕ ಆರೈಕೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಡಾಕ್ಟರ ಸೂಚನೆಯಂತೆ ಮಾಡಿದರೆ ವಾಸನೆ ಬೇಗ ತಗ್ಗುತ್ತದೆ. ದಾಂಪತ್ಯದ ಪ್ರಶ್ನೆಗಳನ್ನು ಹೆಣ್ಣುಮಕ್ಕಳಿಗೆ ಶುಶ್ರೂಷಕಿಯೇ, ಬಾಗಿಲು ಹಾಕಿದ ಕೋಣೆಯಲ್ಲಿ ಕೇಳಲಿ.

‘ಅವರಿಗೆ ರೋಗದ ಹೆಸರು ಹೇಳಬ್ಯಾಡ್ರಿ’ ಎಂದು ಮನೆಯವರು ಕೈಮುಗಿಯುವುದು ದಿನನಿತ್ಯದ ಸಂಗತಿ. ಅದಕ್ಕಾಗಿ ಈ ಪ್ರಶ್ನೆ ಕೇಳುವ ಕೆಲಸ ನಿಲ್ಲಬೇಕಾಗಿಲ್ಲ. ಹಾಳೆಯ ತಲೆಬರಹದಲ್ಲಿ ರೋಗದ ಹೆಸರು ಬೇಡ. ‘ನಿಮಗ ಏನಾಗ್ಯದಂತ ತಿಳದೀರಿ?’ ಎಂದು ರೋಗಿಯನ್ನೇ ಕೇಳಿ. ಅನೇಕರಿಗೆ ಎಲ್ಲವೂ ಗೊತ್ತಿರುತ್ತದೆ, ಮನೆಯವರಿಗೆ ನೋವಾಗಬಾರದೆಂದು ಅವರೂ ಸುಮ್ಮನಿರುತ್ತಾರೆ. ಇನ್ನೂ ತಿಳಿಯಬೇಕೆಂದು ರೋಗಿ ಬಯಸಿದರೆ ಅದನ್ನೊಂದು ಅಗತ್ಯವೆಂದೇ ಬರೆದು ಡಾಕ್ಟರಿಗೆ ತಿಳಿಸಿ.

ಐದನೆಯ ಹೆಜ್ಜೆ: ಅಂಕಕ್ಕೆ ತಕ್ಕ ಕೆಲಸ

0ಯಿಂದ 3 ಬಂದರೆ ಮಾತಿನಲ್ಲಿ ಸಲಹೆ ಕೊಟ್ಟು ಮುಂದಿನ ಸಲ ಮತ್ತೆ ಕೇಳಿ. 4ರಿಂದ 6 ಬಂದರೆ ಆ ಸಾಲನ್ನು ಅಂದೇ ಡಾಕ್ಟರ ಗಮನಕ್ಕೆ ತರಬೇಕು. 7 ಅಥವಾ ಹೆಚ್ಚು ಬಂದರೆ ರೋಗಿ ಡಾಕ್ಟರನ್ನು ಕಾಣದೆ ಆಸ್ಪತ್ರೆಯ ಗೇಟು ದಾಟಬಾರದು. ಇಂಥ ಅಂಕಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಆ ಹಾಳೆಯನ್ನು ಕೇಸ್ ಶೀಟಿನ ಒಳಗೆ ಸೇರಿಸದೆ ಎಲ್ಲಕ್ಕಿಂತ ಮೇಲೆ ಇಡಿ. ಇಷ್ಟು ಸಣ್ಣ ಬದಲಾವಣೆಯಿಂದಲೇ ಹಾಳೆ ಡಾಕ್ಟರ ಕಣ್ಣಿಗೆ ಬೀಳತೊಡಗುತ್ತದೆ.

ಕೆಲವು ಲಕ್ಷಣಗಳಿಗೆ ಅಂಕ ಕೇಳುತ್ತಾ ಕೂರಬಾರದು. ಕಿಮೋ ಆದ ಮೇಲೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಹೊಸದಾಗಿ ಬೆನ್ನುನೋವು ಬಂದು ಕಾಲು ಸೋಲುವುದು ಅಥವಾ ಮೂತ್ರ ಕಟ್ಟುವುದು, ನಿಲ್ಲದ ರಕ್ತಸ್ರಾವ, ಮುಖ ಮತ್ತು ಕುತ್ತಿಗೆಯ ಊತದ ಜೊತೆ ಉಸಿರು ಕಟ್ಟುವುದು, ಇದ್ದಕ್ಕಿದ್ದಂತೆ ಮಾತು ತಪ್ಪುವುದು ಇವೆಲ್ಲ ತುರ್ತು. ಬೆನ್ನುಹುರಿ ಒತ್ತಲ್ಪಟ್ಟ ರೋಗಿಗೆ ಒಂದು ದಿನ ತಡವಾದರೂ ನಡೆಯುವ ಶಕ್ತಿ ಮರಳದೆ ಹೋಗಬಹುದು.

ನೋವಿಗೆ ಮಾರ್ಫಿನ್ ಬೇಕಾದಾಗ ಹಿಂಜರಿಯುವುದು ಬೇಡ. 1985ರ ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯಿಂದಾಗಿ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇದನ್ನು ಇಟ್ಟುಕೊಳ್ಳುವ ಕ್ರಮ ಸರಳವಾಗಿದೆ. ನಿಮ್ಮಲ್ಲಿ ಮಾನ್ಯತೆ ಇಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆಂದು ಮೊದಲ ಹೆಜ್ಜೆಯ ಪಟ್ಟಿಯಲ್ಲಿಯೇ ಬರೆದಿಡಿ. ಮಾರ್ಫಿನ್ ಜೊತೆ ಮಲಬದ್ಧತೆಗೆ ಔಷಧಿ ಬರೆದಿದೆಯೇ ಎಂದು ಶುಶ್ರೂಷಕಿ ನೋಡಲೇಬೇಕು. ಇಲ್ಲವಾದರೆ ಹೊಟ್ಟೆ ಕಟ್ಟಿ ರೋಗಿ ಮಾತ್ರೆಯನ್ನೇ ಬಿಡುತ್ತಾರೆ.

ಊಟದ ವಿಚಾರದಲ್ಲಿ, ಬಾಯಿ ಕ್ಯಾನ್ಸರ್ ಹೆಚ್ಚಾಗಿರುವ ನಮ್ಮ ಭಾಗದಲ್ಲಿ ಬಾಯಿ ಎಷ್ಟು ತೆರೆಯುತ್ತದೆಂಬುದನ್ನೂ ನೋಡಿ. ರೋಗಿಯದೇ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹೋಗದಿದ್ದರೆ ವ್ಯಾಯಾಮ ಕಲಿಸಲು ಕಳಿಸಿ. ‘ಪೌಷ್ಟಿಕ ಆಹಾರ ತಿನ್ನಿ’ ಎಂಬ ಸಲಹೆಯಿಂದ ಯಾರಿಗೂ ಪ್ರಯೋಜನವಿಲ್ಲ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಮಜ್ಜಿಗೆ ಬೆರೆಸಿದ ಜೋಳದ ನುಚ್ಚು, ಖಾರ ಹಾಕದೆ ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿ, ತುಪ್ಪ ಹಾಕಿದ ತೊಗರಿಬೇಳೆಯ ಗಟ್ಟಿ ಕಟ್ಟು, ಒಪ್ಪುವವರಿಗೆ ಮೊಟ್ಟೆ, ಹೀಗೆ ಮನೆಯಲ್ಲಿರುವುದನ್ನೇ ಹೇಳಿ. ನುಂಗಲು ಬಾರದೆ ತೂಕ ಇಳಿಯುತ್ತಿದ್ದರೆ ಮೂಗಿನ ನಳಿಕೆಯ ಮಾತನ್ನು ಡಾಕ್ಟರ ಬಳಿ ಬೇಗ ತೆಗೆಯಿರಿ. ಗುಟ್ಕಾ, ತಂಬಾಕು ಬಿಡಲು ಬಯಸುವವರಿಗೆ 1800-11-2356 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿ ಇದೆ. ಗದರಿಸುವುದರಿಂದ ಯಾರೂ ಬಿಟ್ಟದ್ದಿಲ್ಲ.

ಮನಸ್ಸಿನ ಸಾಲುಗಳಲ್ಲಿ 4 ಅಥವಾ ಹೆಚ್ಚು ಬಂದರೆ ಮುಂದಿನ ಎರಡು ಪ್ರಶ್ನೆ ಕೇಳಿ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ, ಮನಸ್ಸು ಕುಗ್ಗಿದೆಯೇ. ತಲಾ 0ಯಿಂದ 3ರ ಈ ಪ್ರಶ್ನೆಗಳಲ್ಲಿ ಒಟ್ಟು 3 ಅಥವಾ ಹೆಚ್ಚು ಬಂದರೆ ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪೂರ್ಣ ಪಟ್ಟಿಗೆ (PHQ-9) ಹೋಗಿ. ‘ಜೀವಾನ ಬ್ಯಾಡ ಅನಸ್ತದೇನು?’ ಎಂದು ನೇರವಾಗಿ ಕೇಳಲು ಹೆದರಬೇಡಿ; ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಬರುತ್ತದೆ. ಹೌದೆಂದರೆ ರೋಗಿಯನ್ನು ಒಬ್ಬರನ್ನೇ ಬಿಡಬಾರದು, ಅಂದೇ ಮನೋವೈದ್ಯರಿಗೆ ತೋರಿಸಬೇಕು. ತೊಗರಿ, ಹತ್ತಿ ಬೆಳೆಯುವ ಮನೆಗಳಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ ಕೈಗೆ ಸಿಗುವಲ್ಲೇ ಇರುತ್ತದೆ. ಅದನ್ನೂ ಉಳಿದ ಮಾತ್ರೆಗಳನ್ನೂ ಬೀಗ ಹಾಕಿಡುವಂತೆ ಮನೆಯವರಿಗೆ ಬಿಡಿಸಿ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಹಗಲೂ ರಾತ್ರಿಯೂ ಕನ್ನಡದಲ್ಲಿ ಸಿಗುತ್ತದೆ. ಹಾಳೆಯ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರಲಿ.

ಹಣದ ಪ್ರಶ್ನೆಯಲ್ಲಿ ಮೊದಲು ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೆಫರಲ್ ಕಾಗದವೋ ಆಧಾರಿನಲ್ಲಿ ಹೆಸರಿನ ಕಾಗುಣಿತವೋ ಸರಿಯಿಲ್ಲವೆಂದು ಸರದಿ ತಪ್ಪುವವರು ಇದ್ದಾರೆ, ಅಂಥವರಿಗೆ ಅರ್ಧ ಗಂಟೆ ಜೊತೆ ನಿಂತು ಮಾಡಿಸಿಕೊಡುವವರು ಬೇಕು. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತವಾದರೂ ಜೊತೆಗೆ ಬರುವ ಗಂಡನ ಟಿಕೆಟ್ಟು, ಇಬ್ಬರ ಊಟ, ಕಳೆದ ಕೂಲಿ ಉಳಿದೇ ಇರುತ್ತವೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಒಬ್ಬ ಜೊತೆಗಾರರಿಗೂ ರೈಲ್ವೆ ರಿಯಾಯಿತಿ ಇದೆ. ಅದರ ಪ್ರಮಾಣಪತ್ರವನ್ನು ರೋಗಿ ಕೇಳುವ ಮೊದಲೇ ತುಂಬಿಕೊಡಿ.

ಆರನೆಯ ಹೆಜ್ಜೆ: ಫೋನು

ಕೆಂಪು ಸುತ್ತು ಬಿದ್ದ ಪ್ರತಿ ರೋಗಿಗೂ ಎರಡು ದಿನದೊಳಗೆ ಫೋನು ಮಾಡಿ ಅದೇ ಸಾಲಿನ ಅಂಕವನ್ನು ಮತ್ತೆ ಕೇಳಿ. ಇಳಿಯದಿದ್ದರೆ ಡಾಕ್ಟರಿಗೆ ಹೇಳಿ ಔಷಧಿ ಬದಲಿಸಿ. ಭೇಟಿಗಳ ನಡುವೆ ಹೀಗೆ ಕೇಳುತ್ತಿರುವುದರ ಬೆಲೆಯನ್ನು ನ್ಯೂಯಾರ್ಕಿನ ಕ್ಯಾನ್ಸರ್ ಕೇಂದ್ರವೊಂದರಲ್ಲಿ 766 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು: ಲಕ್ಷಣಗಳನ್ನು ಕ್ರಮವಾಗಿ ವರದಿ ಮಾಡಿ, ಹೆಚ್ಚಾದಾಗ ಶುಶ್ರೂಷಕಿಯರಿಗೆ ಸೂಚನೆ ಹೋಗುತ್ತಿದ್ದ ಗುಂಪಿನಲ್ಲಿ ಬದುಕಿದ ಮಧ್ಯಮ ಅವಧಿ 31.2 ತಿಂಗಳು, ಉಳಿದವರಲ್ಲಿ 26. ಅಲ್ಲಿಯ ಅಂಕಿ ಇಲ್ಲಿಗೆ ಹಾಗೇ ಹೊಂದುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ‘ಇದೆಲ್ಲ ಹೊತ್ತಿನ ದಂಡ’ ಎನ್ನುವ ಹಿರಿಯ ವೈದ್ಯರ ಮುಂದೆ ಈ ಅಧ್ಯಯನವನ್ನು ಇಡಲೇಬೇಕು. ಫೋನ್ ಸಂಖ್ಯೆ ಬರೆದುಕೊಳ್ಳುವಾಗ ಅದು ಯಾರ ಕೈಯಲ್ಲಿರುತ್ತದೆ ಎಂದೂ ಕೇಳಿ. ಮಗ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋಗಿದ್ದರೆ ಆ ಸಂಖ್ಯೆಯಿಂದ ತಾಯಿಯ ನೋವು ತಿಳಿಯುವುದಿಲ್ಲ. ಪಕ್ಕದ ಮನೆಯವರದೋ ಆಶಾ ಕಾರ್ಯಕರ್ತೆಯದೋ ಸಂಖ್ಯೆಯನ್ನು ರೋಗಿಯ ಒಪ್ಪಿಗೆ ಪಡೆದೇ ಬರೆದುಕೊಳ್ಳಿ, ಅವರಿಗೆ ರೋಗದ ವಿವರ ಹೇಳಬೇಡಿ.

ಏಳನೆಯ ಹೆಜ್ಜೆ: ಸಣ್ಣದಾಗಿ ಆರಂಭಿಸಿ, ಲೆಕ್ಕ ಇಡಿ

ವಾರಕ್ಕೆ ಒಂದೇ ಒಪಿಡಿ ದಿನ, ಒಬ್ಬ ಶುಶ್ರೂಷಕಿ, ಹತ್ತು ರೋಗಿಗಳು: ಇಷ್ಟರಿಂದ ಆರಂಭಿಸಿದರೆ ಸಾಕು. ತಿಂಗಳ ಕೊನೆಗೆ ಎಷ್ಟು ಹಾಳೆ ತುಂಬಿದವೆಂದು ಎಣಿಸಬೇಡಿ. ಎಷ್ಟು ಕೆಂಪು ಸುತ್ತು ಬಿದ್ದವು, ಅವುಗಳಲ್ಲಿ ಎಷ್ಟಕ್ಕೆ ಅಂದೇ ಉತ್ತರ ಸಿಕ್ಕಿತು, ಎರಡು ದಿನದ ನಂತರ ಎಷ್ಟು ಇಳಿದವು ಎಂಬ ಮೂರೇ ಲೆಕ್ಕ ಇಡಿ. ಉತ್ತರ ಸಿಗದ ಸುತ್ತುಗಳು ಯಾವ ಸಾಲಿನಲ್ಲಿ ಹೆಚ್ಚಿವೆ ಎಂಬುದೇ ಮುಂದೆ ಆಸ್ಪತ್ರೆಯ ಮುಖ್ಯಸ್ಥರ ಬಳಿ ಆಪ್ತಸಮಾಲೋಚಕರನ್ನೋ ಮಾರ್ಫಿನ್ ಮಾನ್ಯತೆಯನ್ನೋ ಕೇಳಲು ನಿಮಗಿರುವ ಆಧಾರ.

ಮನೆಯವರಿಗೂ ಒಂದು ಸಾಲು ಇರಲಿ: ‘ನಿಮಗ ನಿದ್ದಿ, ಊಟ ಆಗ್ತದೇನು? ನಿಮಗ್ಯಾರ ಆಸರ ಅದಾರ?’ ಸೊಸೆಯೋ ಹೆಂಡತಿಯೋ ಈ ಪ್ರಶ್ನೆಗೆ ಮೊದಲ ಸಲ ಅಳುವುದುಂಟು; ಅದಕ್ಕೆ ಹೊತ್ತು ಕೊಡಿ. ರೋಗಿ ತೀರಿಕೊಂಡ ಸುದ್ದಿ ಬಂದರೆ ಹಾಳೆಯನ್ನು ಹಾಗೇ ಮುಚ್ಚಿಡಬೇಡಿ. ಹದಿನೈದು ದಿನ ಬಿಟ್ಟು ಆ ಮನೆಗೆ ಫೋನು ಮಾಡಿ, ಅವರು ಹೇಗಿದ್ದಾರೆಂದು ಕೇಳಿ, ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ಆಸ್ಪತ್ರೆಗೆ ಮರಳಿಸಲು ತಿಳಿಸಿ, ಆ ದಿನಾಂಕವನ್ನು ಬರೆದ ಮೇಲೆ ಹಾಳೆಯನ್ನು ಮುಕ್ತಾಯ ಮಾಡಿ.